ವಾದ್ಯ ಕೇಳ್ತಿದೆ, ವಧು ಕಾಣ್ತಿಲ್ಲ

ಜಾಲಹಳ್ಳಿಯಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಸಲಹೆಗೆ ಬರವಿಲ್ಲ. 1954ರಲ್ಲೇ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಶುರುವಾದ ಊರು. ರೇಡಾರ್ ಬಲ್ಲವರು ನಿವೃತ್ತರಾಗಿ ಗಿಡಕ್ಕೆ ನೀರು ಹಾಕುತ್ತಿರುತ್ತಾರೆ. ಮದುವೆ ವಿಡಿಯೊದಲ್ಲಿ ಗಟ್ಟಿಮೇಳ ಜೋರಾಗಿದೆ, ಪರದೆ ಮಾತ್ರ ಕಪ್ಪು ಅಂದರೆ ಒಬ್ಬರು "ಕೇಬಲ್ ಅಲುಗಾಡಿಸಿ" ಅನ್ನುತ್ತಾರೆ, ಇನ್ನೊಬ್ಬರು "ಆಫ್ ಮಾಡಿ ಆನ್ ಮಾಡಿ ಸಾರ್." ತಲೆಗೊಂದು ಏಟು ಕೊಡಿ ಅನ್ನುವ ಪಕ್ಷವೂ ಇದೆ, ಅವರು ಪಿಕ್ಚರ್ ಟ್ಯೂಬ್ ಕಾಲದವರು.

ಅಸಲು ಸಂಗತಿ ಬೇರೆ. ವಿಡಿಯೊ ಫೈಲಿನ ಎಂಪಿ4, ಎಂಕೆವಿ ಅನ್ನುವುದೆಲ್ಲ ಬರೀ ಡಬ್ಬಿ. ಒಳಗಿನ ಸರಕು ಬಿಚ್ಚಲು ತಕ್ಕ ಕೋಡೆಕ್ ಬೇಕು. ಈಗಿನ ಎಷ್ಟೋ ಫೋನುಗಳು ಚಿತ್ರೀಕರಿಸುವುದು 2013ರಲ್ಲಿ ಬಂದ ಎಚ್.265 ಕೋಡೆಕ್‌ನಲ್ಲಿ; ಅದಿಲ್ಲದ ಹಳೇ ಕಂಪ್ಯೂಟರು ಸದ್ದು ಕೊಟ್ಟು ಚಿತ್ರಕ್ಕೆ ಕೈಯೆತ್ತುತ್ತದೆ. ವಿಎಲ್‌ಸಿ ಪ್ಲೇಯರ್ ಹಾಕಿಕೊಂಡರೆ ಬಹುಪಾಲು ಗೋಳು ತೀರಿತು. ಕೋಡೆಕ್‌ಗಳು ಅದರಲ್ಲೇ ಇವೆ, ಕಾಸೂ ಕೇಳುವುದಿಲ್ಲ. ಗುರುತು ಕಿತ್ತಳೆ ಬಣ್ಣದ ಟ್ರಾಫಿಕ್ ಕೋನ್! ಜಾಲಹಳ್ಳಿ ಕ್ರಾಸಿನಲ್ಲಿ ಅದು ಕಂಡರೆ ಎಲ್ಲವೂ ನಿಲ್ಲುತ್ತದೆ, ಇಲ್ಲಿ ಓಡುತ್ತದೆ.

ಆಮೇಲೂ ತಡವರಿಸಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ. ಅದಕ್ಕೂ ಬಗ್ಗದಿದ್ದರೆ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಫೈಲನ್ನು ಎಚ್.264ಕ್ಕೆ ಬದಲಿಸಿ. "ಕೋಡೆಕ್ ಬೇಕೇ? ಇಲ್ಲಿ ಒತ್ತಿ" ಎಂದು ಮಿನುಗುವ ಗುಂಡಿಯನ್ನು ಮಾತ್ರ ಮುಟ್ಟಬೇಡಿ ಮಾರಾಯ್ರೆ, ವೈರಸ್ಸು ಎಷ್ಟೋ ಸಲ ಒಳಗೆ ಬರುವುದೇ ಆ ಬಾಗಿಲಿಂದ.