ಕರ್ಸರ್‌ಗತಿ ಮೀಮಾಂಸೆ

ಎಂಟರ್ ಹೊಡೆದ ಮೇಲೆ ಕರ್ಸರು ಎತ್ತ ಹೋಗಬೇಕು? ಕೆಳಕ್ಕೋ, ಬಲಕ್ಕೋ? ಎಕ್ಸೆಲ್ ಮುಂದೆ ಕೂತು ಡೇಟಾ ಎಂಟ್ರಿ ಮಾಡುವವರಿಗೆ ಇದಕ್ಕಿಂತ ಗಹನವಾದ ಪ್ರಶ್ನೆ ಇಲ್ಲ. ಸಂಬಳ ಯಾವಾಗ ಎಂಬುದೊಂದನ್ನು ಬಿಟ್ಟರೆ.

ಈ ಶಾಸ್ತ್ರದ ಆದಿಕಾಲ 1979. ಬ್ರಿಕ್ಲಿನ್ ಮತ್ತು ಫ್ರಾಂಕ್‌ಸ್ಟನ್ ಎಂಬ ಆದ್ಯರು ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂದಾಗ ಆ್ಯಪಲ್ 2ರ ಕೀಬೋರ್ಡಿನಲ್ಲಿ ಇದ್ದದ್ದು ಎಡ, ಬಲ ಎಂಬ ಎರಡೇ ಬಾಣ. ಸ್ಪೇಸ್ ಬಾರ್ ಒತ್ತಿದರೆ ಅವೇ ಮೇಲು, ಕೆಳಗು ಆಗುತ್ತಿದ್ದವು. ದಿಕ್ಕು ಎಂಬುದು ಬರೀ ಆರೋಪಿತ ಎಂದು ಅಲ್ಲಿಗೇ ಸಿದ್ಧವಾಗಿತ್ತು. ಪಂಡಿತರು ಒಪ್ಪಬೇಕಲ್ಲ!

ಮೊದಲನೆಯದು ಅಧೋಗಾಮಿ ಪಂಥ. ಎಂಟರ್ ಹೊಡೆದರೆ ಕೆಳಗಿನ ಸೆಲ್. ಮೈಕ್ರೋಸಾಫ್ಟ್ ಕೊಟ್ಟದ್ದೇ ಹಾಗೆ. ಇವರನ್ನು ಖಂಡಿಸುವವರು ಬಲಪಂಥೀಯರು (ರಾಜಕೀಯ ಬೇಡ). ಅರ್ಜಿಯಲ್ಲಿ ಹೆಸರು, ಊರು, ಫೋನ್ ನಂಬರು ಅಡ್ಡಡ್ಡ ಹೋಗುವಾಗ ಕರ್ಸರೇಕೆ ಕೆಳಗಿಳಿಯಬೇಕು ಎಂದು ಇವರು ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಹೊಕ್ಕು ದಿಕ್ಕನ್ನೇ ಬದಲಿಸುತ್ತಾರೆ. ಆದರೆ ಈ ದೀಕ್ಷೆ ಫೈಲಿಗಲ್ಲ, ಎಕ್ಸೆಲ್‌ಗೆ. ಮಧ್ಯಾಹ್ನ ಅದೇ ಸಿಸ್ಟಮ್ಮಿಗೆ ಬಂದ ಅಧೋಗಾಮಿಯೊಬ್ಬ ಪರದೆ ನೋಡದೆ ಕನ್ನಡದ ಅಂಕಗಳನ್ನು ಹೊಡೆಯುತ್ತಾ ಹೋದರೆ, ಮೊದಲ ರೋಲ್ ನಂಬರಿನ ಹುಡುಗನಿಗೇ ಇಂಗ್ಲಿಷಿನಲ್ಲಿ 45, ಗಣಿತದಲ್ಲಿ 91, ಅದರಾಚೆ ವಿಷಯವೇ ಇಲ್ಲದ ಕಾಲಂಗಳಲ್ಲೂ ಪ್ರಥಮ ದರ್ಜೆ! ಉಳಿದವರೆಲ್ಲ ಗೈರುಹಾಜರು.

ಸಿದ್ಧಾಂತ ಹೀಗೆ: ಸಾಲಿನುದ್ದಕ್ಕೂ ಟ್ಯಾಬ್, ಸಾಲು ಮುಗಿದಾಗ ಎಂಟರ್. ಆಗ ಕರ್ಸರು ಟ್ಯಾಬ್ ಶುರುವಾದ ಕಾಲಂಗೇ ಮರಳಿ, ಮುಂದಿನ ಸಾಲಿನಲ್ಲಿ ನಿಲ್ಲುತ್ತದೆ. ದಿಕ್ಕು ತಿದ್ದುವ ಉಸಾಬರಿಯೇ ಬೇಡ. ನಡುವೆ ಮೌಸ್ ಕ್ಲಿಕ್ಕಿಸಿದರೆ ಅದಕ್ಕೆ ಹೊರಟ ಜಾಗ ಮರೆಯುತ್ತದೆ. ಇದಕ್ಕೂ ಭದ್ರವಾದ ಮಾರ್ಗವುಂಟು: ತುಂಬಬೇಕಾದಷ್ಟು ಸೆಲ್‌ಗಳನ್ನು ಮೊದಲೇ ಸೆಲೆಕ್ಟ್ ಮಾಡಿಟ್ಟುಕೊಂಡರೆ, ಬೇಲಿ ಹಾಕಿದ ದನದಂತೆ ಕರ್ಸರು ಅಷ್ಟರಲ್ಲೇ ಸುತ್ತುತ್ತದೆ. ಬಾಣದ ಕೀ ಮುಟ್ಟಿದಿರೋ, ಬೇಲಿ ಹೋಯಿತು.

ಇನ್ನು ಸ್ಕ್ರಾಲ್ ಲಾಕ್ ಅದ್ವೈತ. ಇದರಲ್ಲಿ ಬಾಣದ ಕೀ ಒತ್ತಿದರೆ ಕರ್ಸರು ಅಚಲ, ಹಾಳೆಯೇ ಚಲಿಸುತ್ತದೆ. ಈ ಮತಕ್ಕೆ ಬೇಕೆಂದು ಸೇರಿದವರು ಕಡಿಮೆ. ಪ್ರಿಂಟ್ ಸ್ಕ್ರೀನ್ ಒತ್ತಲು ಹೋಗಿ ಪಕ್ಕದ ಕೀ ಒತ್ತಿದವರೇ ಹೆಚ್ಚು. ಬಿಡುಗಡೆಗೆ ಅದನ್ನೇ ಇನ್ನೊಮ್ಮೆ ಒತ್ತಿದರಾಯಿತು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಯೇ ಇರುವುದಿಲ್ಲ. ಅಂಥ ಮುಮುಕ್ಷುಗಳು ವಿಂಡೋಸಿನ ಆನ್‌ಸ್ಕ್ರೀನ್ ಕೀಬೋರ್ಡ್ ತೆರೆದು ಅಲ್ಲಿರುವ ಸ್ಕ್ರಾಲ್ ಲಾಕ್ ಕ್ಲಿಕ್ ಮಾಡತಕ್ಕದ್ದು. ಕಂಪ್ಯೂಟರಿನ ತಲೆಗೆ ಕುಟ್ಟುವುದು ಶಾಸ್ತ್ರಸಮ್ಮತವಲ್ಲ.