ದಾಕ್ಷಿಣ್ಯದ ಲೆಕ್ಕ

ಬ್ರೆಂಡನ್ ಐಕ್ ಅವರು 1995ರ ಮೇ ತಿಂಗಳಿನಲ್ಲಿ, ನೆಟ್‌ಸ್ಕೇಪ್ ಸಂಸ್ಥೆಯ ಅವಸರಕ್ಕೆ ಕಟ್ಟುಬಿದ್ದು, ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಸಿದ್ಧಪಡಿಸಿದರೆಂಬುದು ಪ್ರಸಿದ್ಧ ಸಂಗತಿ. ಆ ಭಾಷೆಗೆ ಎದುರಿಗಿರುವವರ ಮುಖಕ್ಕೆ ಹೊಡೆದಂತೆ 'ಆಗದು' ಎಂದು ಹೇಳಿ ಅಭ್ಯಾಸವೇ ಇಲ್ಲ. ಹೇಗಾದರೂ ಒಂದು ಉತ್ತರ ಕೊಟ್ಟು ಸಾಗಹಾಕುವ ಅದರ ದಾಕ್ಷಿಣ್ಯದ ಆಳವನ್ನು ಅಳೆಯಬೇಕೆನ್ನುವವರು ಅದರ ಕೈಗೆ ಒಂದಿಷ್ಟು ಅಂಕಿಗಳನ್ನು ಕೊಟ್ಟು ನೋಡಿದರೆ ಸಾಕು.

ಜಾಲಪುಟದ ಚೌಕದೊಳಗೆ ಟೈಪಿಸಿದ ಬೆಲೆಯು ಕಣ್ಣಿಗೆ ಸಂಖ್ಯೆಯಂತೆ ಕಂಡರೂ ಗಣಕಕ್ಕೆ ಅದು ಸ್ಟ್ರಿಂಗ್, ಅಂದರೆ ಬರಿಯ ಅಕ್ಷರಗಳ ಸಾಲು. ಇಂತಹ 12.50 ಮತ್ತು 7.25ನ್ನು ಕೂಡಿಸಲು ಹೇಳಿದರೆ ಭಾಷೆಯು ಎರಡನ್ನೂ ಒಂದರ ಬೆನ್ನಿಗೆ ಇನ್ನೊಂದನ್ನು ಅಂಟಿಸಿ, 12.507.25 ಎಂಬ, ಯಾವ ಅಂಗಡಿಯವನೂ ಕಂಡಿರದ ಎರಡು ಚುಕ್ಕೆಯ ಮೊತ್ತವನ್ನು ಒಪ್ಪಿಸುತ್ತದೆ. ಅದೇ ಎರಡನ್ನು ಕಳೆಯಲು ಹೇಳಿದರೆ ಮಾತ್ರ ಎಲ್ಲಿಲ್ಲದ ಬುದ್ಧಿ ಬಂದು 5.25 ಎಂಬ ಸರಿಯುತ್ತರ ಹೊರಬೀಳುತ್ತದೆ. ಆದ್ದರಿಂದ ಅರೇ ಎನಿಸಿಕೊಳ್ಳುವ ಪಟ್ಟಿಯಲ್ಲಿರುವ ಪ್ರತಿಯೊಂದು ಸ್ಟ್ರಿಂಗನ್ನೂ ಮೊದಲು ಸಂಖ್ಯೆಯಾಗಿ ಮಾರ್ಪಡಿಸಿಕೊಳ್ಳುವುದು ಅನಿವಾರ್ಯವಾಗುತ್ತದೆ.

ಈ ಕೆಲಸಕ್ಕೆ ಮ್ಯಾಪ್ ಎಂಬ ವಿಧಾನವಿದೆ. ಅದು ಪಟ್ಟಿಯ ಒಂದೊಂದೇ ಅಂಶವನ್ನು ಎತ್ತಿ, ಹೇಳಿದ ಫಂಕ್ಷನ್ನಿಗೆ ಒಪ್ಪಿಸಿ, ಬಂದ ಫಲಗಳಿಂದ ಹೊಸ ಪಟ್ಟಿ ಕಟ್ಟುತ್ತದೆ. ಸ್ಟ್ರಿಂಗಿನಿಂದ ಪೂರ್ಣಾಂಕವನ್ನು ಓದುವ ಪಾರ್ಸ್‌ಇಂಟ್ ಎಂಬ ಫಂಕ್ಷನ್ನಿಗೆ ಮೂರು ಬಾರಿ '10' ಎಂದು ಬರೆದ ಪಟ್ಟಿಯನ್ನು ಮ್ಯಾಪ್ ಮೂಲಕ ಒಪ್ಪಿಸಿದಾಗ ಬರುವ ಉತ್ತರ: 10, ಎನ್‌ಎಎನ್, 2. ಎನ್‌ಎಎನ್ ಎಂದರೆ 'ಸಂಖ್ಯೆಯಲ್ಲ' ಎಂದರ್ಥ; ಅದರ ಜಾತಿ ಯಾವುದೆಂದು ವಿಚಾರಿಸಿದರೆ ಭಾಷೆಯು 'ಸಂಖ್ಯೆ' ಎಂದೇ ಹೇಳುತ್ತದೆಂಬುದು ಬೇರೆ ಮಾತು. ಈ ವೈಚಿತ್ರ್ಯದ ಮೂಲ ಮ್ಯಾಪ್‌ನ ಧಾರಾಳತನದಲ್ಲಿದೆ: ಬೀಗರ ಊಟದಲ್ಲಿ ಬೇಡವೆಂದರೂ ಎಲೆಗೆ ಸುರಿಯುವವರಂತೆ ಅದು ಅಂಶದ ಜೊತೆಗೆ ಅದರ ಕ್ರಮಸಂಖ್ಯೆಯನ್ನೂ ಇಡೀ ಪಟ್ಟಿಯನ್ನೂ ಬಡಿಸುತ್ತದೆ. ಪಾರ್ಸ್‌ಇಂಟ್ ಮೂರನೆಯದನ್ನು ಮುಟ್ಟುವುದಿಲ್ಲವಾದರೂ ಎರಡನೆಯದನ್ನು ಆಧಾರ ಸಂಖ್ಯೆಯೆಂದು, ಅಂದರೆ ಎಣಿಕೆಯು ಹತ್ತರ ಗುಂಪಿನಲ್ಲೋ ಎರಡರ ಗುಂಪಿನಲ್ಲೋ ನಡೆಯಬೇಕೆಂಬ ಸೂಚನೆಯೆಂದು ತಿಳಿಯುತ್ತದೆ. ಕ್ರಮಸಂಖ್ಯೆ ಸೊನ್ನೆಯಿಂದ ಆರಂಭವಾಗುವುದರಿಂದ ಮೊದಲ '10'ಕ್ಕೆ ಸೊನ್ನೆ ಸಿಕ್ಕಿ, ಸೂಚನೆಯೇ ಇಲ್ಲವೆಂದು ಭಾವಿಸಿ ಹತ್ತರ ಎಣಿಕೆ ನಡೆಯುತ್ತದೆ. 2ರಿಂದ 36ರವರೆಗಿನ ಆಧಾರಗಳಿಗೆ ಮಾತ್ರ ಮಾನ್ಯತೆಯಿರುವುದರಿಂದ 1ನ್ನು ಪಡೆದ ಎರಡನೆಯದು ಕೆಡುತ್ತದೆ. ಮೂರನೆಯದು ದ್ವಿಮಾನದಲ್ಲಿ ಓದಲ್ಪಟ್ಟು 2 ಆಗುತ್ತದೆ. ಮೂವರೂ ನಿಯಮ ಮೀರಿಲ್ಲ, ಲೆಕ್ಕ ಮಾತ್ರ ಕೆಟ್ಟಿದೆ. ಸರ್ಕಾರಿ ಕಡತಗಳ ಪರಿಚಯವಿದ್ದವರಿಗೆ ಇದರಲ್ಲಿ ಹೊಸತೇನೂ ಕಾಣದು.

ದಶಮಾಂಶ ಬೇಕಾದವರು ಪಾರ್ಸ್‌ಫ್ಲೋಟ್ ಎಂಬ ಫಂಕ್ಷನ್ನಿಗೆ ಮೊರೆಹೋಗುತ್ತಾರೆ. ಅದು ಮೊದಲನೆಯದನ್ನು ಮಾತ್ರ ಸ್ವೀಕರಿಸುವುದರಿಂದ ಮ್ಯಾಪ್‌ನ ಉಪಚಾರಕ್ಕೆ ಬಲಿಯಾಗುವುದಿಲ್ಲ. ಆದರೆ ಅದರ ದಾಕ್ಷಿಣ್ಯ ಬೇರೆ ಬಗೆಯದು: '12.5 ಕೆಜಿ' ಎಂದು ಬರೆದರೆ ಅರ್ಥವಾದ 12.5ನ್ನು ಇಟ್ಟುಕೊಂಡು ಉಳಿದುದನ್ನು ಕೇಳಿಸದಂತೆ ಬಿಟ್ಟುಬಿಡುವ ಅದು, '1,25,000' ಎಂದು ನಮ್ಮ ಲಕ್ಷದ ಕ್ರಮದಲ್ಲಿ ಬರೆದುದನ್ನು ಕೊಟ್ಟರೆ ಮೊದಲ ಅಲ್ಪವಿರಾಮದಲ್ಲೇ ನಿಂತು, ಸವಾಲಕ್ಷವನ್ನು ಒಂದು ರೂಪಾಯಿಗೆ ಇಳಿಸಿಬಿಡುತ್ತದೆ. ಕನ್ನಡದ ಅಂಕಿಗಳಲ್ಲಿ '೧೨' ಎಂದು ಬರೆದರಂತೂ ಆ ಒಂದು ರೂಪಾಯಿಯೂ ಇಲ್ಲ.

ನಂಬರ್ ಎಂಬ ಮೂರನೆಯ ಫಂಕ್ಷನ್ ಇವೆರಡಕ್ಕಿಂತ ಕಟ್ಟುನಿಟ್ಟಿನದು. ಸ್ಟ್ರಿಂಗಿನಲ್ಲಿ ಒಂದು ಅಕ್ಷರ ಅನ್ಯವಾಗಿದ್ದರೂ ಎನ್‌ಎಎನ್ ಎಂದು ಹಿಂದಿರುಗಿಸುವ ಅದರ ಶಿಸ್ತು ಮೆಚ್ಚತಕ್ಕದ್ದೇ ಆದರೂ, ಏನೂ ಇಲ್ಲದ ಖಾಲಿ ಸ್ಟ್ರಿಂಗನ್ನು ಕಂಡೊಡನೆ ಅದು ಕರಗಿ 0 ಕೊಡುತ್ತದೆ, ಪಾರ್ಸ್‌ಫ್ಲೋಟ್ ಎನ್‌ಎಎನ್ ಕೊಡುತ್ತದೆ. ಅಂಕಪಟ್ಟಿಯಲ್ಲಿ ಗೈರುಹಾಜರಾದವನ ಜಾಗ ಖಾಲಿಯಿದ್ದರೆ, ಮೊದಲನೆಯ ಕ್ರಮದಲ್ಲಿ ಪರೀಕ್ಷೆಗೆ ಬಾರದವನು ಸೊನ್ನೆ ಪಡೆದು ತರಗತಿಯ ಸರಾಸರಿಯನ್ನು ಸ್ವಲ್ಪ ಕೆಳಗೆಳೆಯುತ್ತಾನೆ; ಎರಡನೆಯ ಕ್ರಮದಲ್ಲಿ, ಎನ್‌ಎಎನ್ ಜೊತೆ ಏನನ್ನು ಕೂಡಿಸಿದರೂ ಎನ್‌ಎಎನ್ ಆಗುವುದರಿಂದ, ಆ ದಿನ ಮನೆಯಲ್ಲಿ ಮಲಗಿದ್ದವನೊಬ್ಬನು ಇಡೀ ತರಗತಿಯ ಮೊತ್ತವನ್ನೇ ನುಂಗಿಹಾಕುತ್ತಾನೆ.