ವಾಕಿಂಗಿಗೂ ಮುಂಚೆ ಮೋಟರು

ಬೆಳಗ್ಗೆ ಐದರಿಂದ ಏಳರವರೆಗಿನ ಎರಡು ಗಂಟೆ ಯಾರಿಗೂ ಬೇಡವಾಗಿ ಖಾಲಿ ಬಿದ್ದಿರುತ್ತದೆ ಎಂಬ ಸುದ್ದಿಯನ್ನು ಡಾಕ್ಟರುಗಳಿಗೆ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ಸಕ್ಕರೆ ಗಡಿ ದಾಟಿದವರಿಗೆ, ಮಂಡಿ ಹಿಡಿದವರಿಗೆ, ನಿದ್ದೆ ಬಾರದವರಿಗೆ, ನಿದ್ದೆ ಬಿಟ್ಟು ಇನ್ನೇನೂ ಬಾರದವರಿಗೆ, ಎಲ್ಲರಿಗೂ ಒಂದೇ ಅಪ್ಪಣೆ: ಬೇಗ ಎದ್ದು ನಡೆಯಿರಿ. ನನಗೂ ಅದೇ ಆಯಿತು. "ಕೆಲಸಕ್ಕೆ ಹೋಗ್ತೀನಿ ಡಾಕ್ಟ್ರೇ, ಬೆಳಗ್ಗೆ ಆಗಲ್ಲ" ಎಂದು ರಾಗ ಎಳೆದೆ. "ಆಫೀಸು ಹತ್ತಕ್ಕಲ್ವೇನಮ್ಮ?" ಎಂದರು. ಹತ್ತರಲ್ಲಿ ಐದು ಕಳೆದರೆ ಐದು. ಲೆಕ್ಕ ಸರಿಯಾಗಿಯೇ ಇದೆ. ಆ ಐದರಿಂದ ಕಳೆಯಲು ಇನ್ನೂ ಏನೇನು ಸಾಲುಗಟ್ಟಿ ನಿಂತಿವೆ ಎಂಬುದನ್ನು ಹೇಳುವಷ್ಟರಲ್ಲಿ ಮುಂದಿನ ಪೇಷಂಟು ಒಳಗೆ ಬಂದಾಗಿತ್ತು.

ಸಂಜೆ ನಡೆಯಬಾರದೇ ಎಂದು ಕೇಳುವವರೂ ಇದ್ದಾರೆ. ಅವರು ಯಾವತ್ತೂ ಸಂಜೆ ಆರಕ್ಕೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕು ದಾಟದ ಪುಣ್ಯವಂತರು. ಅವರ ಮಾತು ಇಲ್ಲಿಗೆ ಬಿಡೋಣ.

ಬೆಳಗಿನ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ನಿಂತಿರುವುದು ನೀರು. ನಮ್ಮ ಬೀದಿಗೆ ಕಾವೇರಿ ಬರುವುದು ದಿನ ಬಿಟ್ಟು ದಿನ, ಅದೂ ಬೆಳಗಿನ ಜಾವ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರ, ಮೂರು ಹಂತದಲ್ಲಿ ಪಂಪುಗಳಿಂದ ನೂಕಿಸಿಕೊಂಡು ಆಕೆ ಬೆಂಗಳೂರು ಸೇರುತ್ತಾಳೆ. ಈ ಊರಿನಲ್ಲಿ ತಪ್ಪದೆ ಕಠಿಣ ವ್ಯಾಯಾಮ ಮಾಡುವವರ ಪಟ್ಟಿ ಹಾಕಿದರೆ ಮೊದಲ ಹೆಸರು ಅವಳದೇ. ಅಷ್ಟೆಲ್ಲ ಹತ್ತಿ ಬಂದವಳು ನಮ್ಮ ಸಂಪಿನ ಹತ್ತಿರ ಬರುವ ಹೊತ್ತಿಗೆ ಏದುಸಿರು ಬಿಡುತ್ತ ಕಿರುಬೆರಳ ಗಾತ್ರಕ್ಕೆ ಇಳಿದಿರುತ್ತಾಳೆ. ಸಂಪಿನ ಮುಚ್ಚಳ ಎತ್ತಿ ಬಗ್ಗಿ ನೋಡಬೇಕು, ಮೋಟರು ಹಾಕಬೇಕು, ಮೇಲಿನ ಟ್ಯಾಂಕು ತುಂಬಿ ಚೆಲ್ಲುವುದಕ್ಕೆ ಮುಂಚೆ ಓಡಿ ಬಂದು ಆರಿಸಬೇಕು. ತಡವಾದರೆ ಪಕ್ಕದ ಮನೆಯವರು "ನಿಮ್ಮನೆ ಟ್ಯಾಂಕು!" ಎಂದು ಕೂಗಿ ಇಡೀ ಬೀದಿಯನ್ನು ಎಬ್ಬಿಸುತ್ತಾರೆ. ಬೇಗ ಆರಿಸಿದರೆ ಮಧ್ಯಾಹ್ನ ಅತ್ತೆಗೆ ನಲ್ಲಿಯಲ್ಲಿ ಬರೀ ಗಾಳಿ.

ಆಮೇಲೆ ಹಾಲು. ಆಮೇಲೆ ಡಿಕಾಕ್ಷನ್. ಆಮೇಲೆ ಮೂರು ಡಬ್ಬಿ: ಮಗನಿಗೆ ಚಪಾತಿ ಪಲ್ಯ, ಅವನಪ್ಪನಿಗೆ ಅನ್ನ ಹುಳಿ, ನನಗೆ ಇವೆರಡರಲ್ಲಿ ಯಾವುದು ಮಿಕ್ಕಿತೋ ಅದು. ಅವರೆಕಾಯಿಯ ಕಾಲದಲ್ಲಿ ಹಿಂದಿನ ರಾತ್ರಿಯೇ ಬೇಳೆ ಹಿತುಕಿ ಇಟ್ಟಿರದಿದ್ದರೆ ಮರುದಿನ ಬಸ್ಸು ತಪ್ಪಿದಂತೆಯೇ. ಹತ್ತಕ್ಕೆ ಆಫೀಸಿನ ಯಂತ್ರಕ್ಕೆ ಬೆರಳು ಒತ್ತಬೇಕು. ತರಕಾರಿ ಹೆಚ್ಚಿದ ಬೆರಳನ್ನು ಆ ಯಂತ್ರ ಒಮ್ಮೊಮ್ಮೆ ಗುರುತಿಸುವುದಿಲ್ಲ. ಒರೆಸಿ ಒರೆಸಿ ಒತ್ತುವಷ್ಟರಲ್ಲಿ ಹತ್ತೂ ಐದು.

ಹಳಬರ ಪುಸ್ತಕ ಏನು ಹೇಳುತ್ತದೆ ನೋಡೋಣ ಎಂದು ವಾಗ್ಭಟನ ಅಷ್ಟಾಂಗಹೃದಯ ತೆಗೆದೆ. ದಿನಚರ್ಯೆಯ ಅಧ್ಯಾಯ ಶುರುವಾಗುವುದೇ ಆರೋಗ್ಯವಂತರು ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು ಎಂಬ ವಿಧಿಯಿಂದ. ಸಾಮಾನ್ಯ ಲೆಕ್ಕದಲ್ಲಿ ಅದು ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಇರುವ ಹೊತ್ತು. ಜನವರಿ ಕೊನೆಯಲ್ಲಿ ಬೆಂಗಳೂರಿನ ಸೂರ್ಯ ಆರೂ ಮುಕ್ಕಾಲರವರೆಗೆ ಹೊದ್ದು ಮಲಗುತ್ತಾನೆ. ಆಗ ಮುಹೂರ್ತ ಐದೂ ಹತ್ತರ ಸುಮಾರು. ಜೂನ್ ಹೊತ್ತಿಗೆ ಆರಕ್ಕೂ ಮುಂಚೆಯೇ ಏಳುತ್ತಾನೆ. ಆಗ ನಾಲ್ಕೂಕಾಲು, ಅಂದರೆ ಸರಿಯಾಗಿ ಕಾವೇರಿ ಮುಹೂರ್ತ. ಹಾಗಾಗಿ ಏಳುವ ವಿಷಯದಲ್ಲಿ ವಾಗ್ಭಟನಿಗೂ ನನಗೂ ತಕರಾರಿಲ್ಲ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ, ಅದನ್ನು ಓದಿ ಪುಸ್ತಕಕ್ಕೆ ಕೈ ಮುಗಿದೆ. ವ್ಯಾಯಾಮ ಮಾಡುವವರು ತಮ್ಮ ಶಕ್ತಿಯ ಅರ್ಧಕ್ಕೆ ನಿಲ್ಲಿಸಬೇಕಂತೆ. ಅದೂ ಮೈಯಲ್ಲಿ ಬಲವಿದ್ದು, ತುಪ್ಪ ಎಣ್ಣೆ ತಿಂದುಂಡವರು, ಚಳಿಗಾಲದಲ್ಲಿ ಮತ್ತು ವಸಂತದಲ್ಲಿ. ಉಳಿದ ಕಾಲದಲ್ಲಿ ಇನ್ನೂ ಕಡಿಮೆ. ಜಿಮ್ಮಿನ ಹುಡುಗರಿಗೆ ಇದನ್ನು ಯಾರೂ ಓದಿ ಹೇಳಿದಂತಿಲ್ಲ. ನನ್ನ ಮಟ್ಟಿಗಂತೂ ಮೂರನೆಯ ಡಬ್ಬಿಯ ಮುಚ್ಚಳ ಹಾಕುವ ಹೊತ್ತಿಗೆ ಅರ್ಧ ಶಕ್ತಿ ಖರ್ಚಾಗಿರುತ್ತದೆ. ಮಿಕ್ಕರ್ಧವನ್ನು ಮುಟ್ಟಕೂಡದು, ಶಾಸ್ತ್ರ ಒಪ್ಪುವುದಿಲ್ಲ.

ಇಷ್ಟೆಲ್ಲ ಅಡ್ಡಿಗಳ ನಡುವೆಯೂ ನಮ್ಮ ಮನೆಯಲ್ಲಿ ಒಬ್ಬರು ಮಳೆ ಚಳಿ ಎನ್ನದೆ ವಾಕಿಂಗ್ ಹೋಗುತ್ತಾರೆ. ನಮ್ಮ ಯಜಮಾನರು. ಅವರದೂ ಹತ್ತರ ಆಫೀಸೇ, ಅವರದೂ ಬೆರಳೊತ್ತುವ ಯಂತ್ರವೇ. ಆರಕ್ಕೆ ಎದ್ದು, ಬೂಟಿನ ದಾರ ಬಿಗಿದು, ತುಂಬಿದ ಟ್ಯಾಂಕಿನ ಕೆಳಗೆ ಹಾದು, ಲಾಲ್‌ಬಾಗಿಗೆ ಹೋಗಿ ಏಳೂಕಾಲಿಗೆ ಬರುತ್ತಾರೆ. ಬಂದಾಗ ಕಾಫಿ ಬಿಸಿಯಾಗಿರುತ್ತದೆ, ಪೇಪರು ಟೀಪಾಯಿಯ ಮೇಲಿರುತ್ತದೆ, ಬಚ್ಚಲಲ್ಲಿ ನೀರು ಕಾದಿರುತ್ತದೆ. "ನೋಡು, ಎಲ್ಲಾ ಮನಸ್ಸು ಮಾಡೋದರಲ್ಲಿದೆ. ಟೈಮು ತಾನಾಗೇ ಹೊಂದ್ಕೊಳ್ಳುತ್ತೆ" ಎನ್ನುತ್ತಾರೆ. ತಾನಾಗಿಯೇ ಹೊಂದಿಕೊಳ್ಳುವ ಆ ಟೈಮು ಆಗ ಒಲೆಯ ಮುಂದೆ ನಿಂತು ಒಗ್ಗರಣೆ ಹಾಕುತ್ತಿರುತ್ತದೆ.

ನಮ್ಮತ್ತೆಗೆ ಈ ವ್ಯಾಯಾಮದ ಮಾತೇ ಸೋಜಿಗ. "ನಮಗೆಲ್ಲ ಬಾವಿ ನೀರು, ರುಬ್ಬೋ ಕಲ್ಲು, ಒನಕೆ. ಅದಕ್ಕೇಂತ ಬೇರೆ ಬೂಟು ಹಾಕ್ಕೊಂಡಿದ್ವೇನೆ?" ಎನ್ನುತ್ತಾರೆ. ಈ ಮಾತನ್ನು ಕೇಳಿ ಕಣ್ಣು ತೇವ ಮಾಡಿಕೊಂಡು, ಆಹಾ ಆ ಕಾಲ ಎಂದು ಬರೆಯುವವರನ್ನು ನಾನು ಬಹಳ ಓದಿದ್ದೇನೆ. ಅವರಾರೂ ಒನಕೆ ಹಿಡಿದವರಲ್ಲ. ಅಷ್ಟೆಲ್ಲ ವ್ಯಾಯಾಮ ಮಾಡಿದ ನಮ್ಮತ್ತೆಯ ಎರಡು ಮಂಡಿಯೂ ಈಗ ಮೂರು ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತವೆ. ದುಡಿತ ಬೇರೆ, ವ್ಯಾಯಾಮ ಬೇರೆ. ವ್ಯಾಯಾಮದಲ್ಲಿ ಸುಸ್ತಾದಾಗ ನಿಲ್ಲಿಸಬಹುದು.

ಒಂದು ಭಾನುವಾರ ಅತ್ತೆಯೇ ಕುರ್ಚಿ ಹಾಕಿಕೊಂಡು ಒಲೆಯ ಮುಂದೆ ಕೂತು, "ಹೋಗಿ ಬಾರೇ, ಅದೇನು ನೋಡ್ಕೊಂಡು ಬಾ" ಎಂದು ಯಜಮಾನರ ಜೊತೆ ಲಾಲ್‌ಬಾಗಿಗೆ ಕಳಿಸಿದರು. ಹೈದರಾಲಿ 1760ರಲ್ಲಿ ಹಾಕಿಸಲು ಶುರುಮಾಡಿದ ತೋಟ, 240 ಎಕರೆ. ಒಳಗಿರುವ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ, ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಇಷ್ಟು ಪುರಾತನವಾದದ್ದರ ಸುತ್ತ ಜನ ಅದೆಂಥ ಅವಸರದಲ್ಲಿ ಓಡಾಡುತ್ತಾರೆ! ಒಂದು ಗುಂಪು ಸೈಟಿನ ರೇಟು ಮಾತಾಡುತ್ತ ನಡೆಯುತ್ತಿತ್ತು. ಇನ್ನೊಂದು ಗುಂಪಿನವರು ಸರ್ಕಾರವನ್ನು ಕೆರೆಯ ದಂಡೆಯಲ್ಲಿ ಬೀಳಿಸಿ ಗಾಜಿನ ಮನೆಯ ಹತ್ತಿರ ಹೊಸದನ್ನು ರಚಿಸಿದರು. ಮತ್ತೊಬ್ಬರು ಊಟಕ್ಕೆ ಮುಂಚೆ ಎಷ್ಟು, ಊಟವಾದ ಮೇಲೆ ಎಷ್ಟು ಎಂದು ತಮ್ಮ ಸಕ್ಕರೆಯ ಅಂಕಿಗಳನ್ನು ಮಗನ ಪರೀಕ್ಷೆಯ ಅಂಕಗಳಷ್ಟೇ ಹೆಮ್ಮೆಯಿಂದ ಹೇಳುತ್ತಿದ್ದರು. ಹಿಂದು ಹಿಂದಕ್ಕೆ ನಡೆಯುವವರು, ಮರಕ್ಕೆ ಬೆನ್ನು ಗುದ್ದುವವರು, ಫೋನಿನಲ್ಲಿ ಇಡೀ ತೋಟಕ್ಕೆ ಕೇಳುವ ಹಾಗೆ ಸುಪ್ರಭಾತ ಹಾಕಿಕೊಂಡವರು. ಒಂದು ಮೂಲೆಯಲ್ಲಿ ನಗೆಕೂಟ. ನಗುವುದಕ್ಕೆ ಕಾರಣ ಹುಡುಕುವ ಗೋಜಿಲ್ಲದೆ ಕೈ ಮೇಲೆತ್ತಿ ಹೋ ಹೋ ಎನ್ನುತ್ತಿದ್ದವರನ್ನು ನೋಡಿ ನನಗೆ ಕಾರಣಸಹಿತವಾಗಿಯೇ ನಗು ಬಂತು.

ಗೇಟಿನ ಹೊರಗೆ ಹಾಗಲಕಾಯಿ ರಸ, ಬೂದುಗುಂಬಳದ ರಸ, ರಾಗಿ ಅಂಬಲಿ. ಕುಡಿಯುವವರ ಮುಖ ನೋಡಿದರೆ ಆರೋಗ್ಯಕ್ಕಾಗಿ ಮನುಷ್ಯ ಎಷ್ಟು ಸಹಿಸುತ್ತಾನೆ ಎಂದು ಗೌರವ ಹುಟ್ಟುತ್ತದೆ. ಆ ಗೌರವ ಬಹಳ ಹೊತ್ತು ಬಾಳಲಿಲ್ಲ. ಅವರಲ್ಲೇ ಕೆಲವರು ನೇರ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಕಡೆ ತಿರುಗಿದರು. 1924ರಿಂದ ಇರುವ ಹೋಟೆಲು. ತುಪ್ಪದ ದೋಸೆಯ ವಾಸನೆಗೆ ಹಾಗಲಕಾಯಿ ಎಷ್ಟರದು? ನಮ್ಮ ಯಜಮಾನರೂ ಅತ್ತ ಹೆಜ್ಜೆ ಹಾಕಿದಾಗ, ಇವರು ಮನಸ್ಸು ಮಾಡುತ್ತಿದ್ದದ್ದು ಯಾವುದಕ್ಕೆ ಎಂದು ತಿಳಿಯಿತು.

ಆದರೆ ಆ ದಿನ ನನ್ನ ಕಣ್ಣಿಗೆ ಬಿದ್ದದ್ದು ಬಂದವರಿಗಿಂತ ಬಾರದವರು. ಹೆಂಗಸರು ಬೇಕಾದಷ್ಟು ಜನ ಇದ್ದರು. ಸೊಸೆ ಬಂದ ಮೇಲಿನವರು ಸೀರೆಯ ಕೆಳಗೆ ಬಿಳಿ ಬೂಟು ಹಾಕಿದ್ದರು. ಸೊಸೆಯಾಗದ ಹುಡುಗಿಯರು ಕಿವಿಗೆ ಹಾಡು ಸಿಕ್ಕಿಸಿಕೊಂಡು ಓಡುತ್ತಿದ್ದರು. ನಡುವಿನ ವಯಸ್ಸಿನವರು, ನನ್ನಂಥವರು, ಅಲ್ಲೊಬ್ಬರು ಇಲ್ಲೊಬ್ಬರು. ಉಳಿದವರು ಎಲ್ಲಿದ್ದಾರೆ ಎಂದು ಕೇಂದ್ರ ಸರ್ಕಾರವೇ ಲೆಕ್ಕ ಹಾಕಿದೆ. ದೇಶದ ಜನ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು 2024ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಈ 88 ಕೂಡ ಮನೆಗೆಲಸ ಮಾಡುವ ಗಂಡಸರ ಸರಾಸರಿ ಮಾತ್ರ. ಪೇಪರು ಮಡಿಸಿಡುವುದನ್ನೇ ಸಹಾಯ ಎನ್ನುವವರು ಆ ಲೆಕ್ಕದೊಳಗೇ ಬರುವುದಿಲ್ಲ. 289ರಿಂದ 88 ಕಳೆದರೆ ಮೂರು ಗಂಟೆಗೂ ಮೇಲೆ. ಲಾಲ್‌ಬಾಗಿಗೆ ಹೋಗಿ, ದೋಸೆ ತಿಂದು, ಮತ್ತೊಮ್ಮೆ ಹೋಗಿ ಬರಬಹುದು.

ಹಾಗೆಂದು ಕೈಚೆಲ್ಲಿ ಕೂರುವಂತಿರಲಿಲ್ಲ, ಸಕ್ಕರೆಗೆ ಈ ಸಮೀಕ್ಷೆ ತಿಳಿಯದು. ಧೈರ್ಯ ಕೊಟ್ಟವರು ಲಂಡನ್ನಿನ ಬಸ್ ಕಂಡಕ್ಟರುಗಳು. ಅಲ್ಲಿಯ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಡ್ರೈವರು ದಿನವಿಡೀ ಕೂತಿರುತ್ತಿದ್ದ. ಕಂಡಕ್ಟರು ಟಿಕೆಟ್ ಕೊಡಲು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿಳಿಯುತ್ತಿದ್ದ. ಜೆರ್ರಿ ಮಾರಿಸ್ ಎಂಬ ವೈದ್ಯ ಇವರಿಬ್ಬರ ಹೃದಯದ ಲೆಕ್ಕ ತೆಗೆದು 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ. ಹೃದಯಾಘಾತ ಡ್ರೈವರುಗಳಿಗೆ ಹೆಚ್ಚು, ಕಂಡಕ್ಟರುಗಳಿಗೆ ಕಡಿಮೆ. ಯಾವ ಕಂಡಕ್ಟರೂ ಅದಕ್ಕಾಗಿ ಪಾರ್ಕಿಗೆ ಹೋಗಿರಲಿಲ್ಲ, ಟಿಕೆಟ್ ಹರಿದದ್ದಷ್ಟೇ. ಮಾರಿಸ್ ತಾನೂ 99 ವರ್ಷ ಬಾಳಿ 2009ರಲ್ಲಿ ತೀರಿಕೊಂಡ; ತಾನು ಬರೆದದ್ದನ್ನು ತಾನೇ ನಂಬಿದ ಸಂಶೋಧಕ. ವಿಶ್ವ ಆರೋಗ್ಯ ಸಂಸ್ಥೆಯೂ ಮೆತ್ತಗಾಗಿದೆ. ವಾರಕ್ಕೆ 150 ನಿಮಿಷದ ಚಟುವಟಿಕೆ ಬೇಕು, ಅದು ಒಂದೊಂದು ಸಲಕ್ಕೆ ಹತ್ತು ನಿಮಿಷಕ್ಕಾದರೂ ಕಡಿಮೆಯಿರಬಾರದು ಎಂದು ಮೊದಲು ಹೇಳುತ್ತಿತ್ತು. 2020ರಲ್ಲಿ ಆ ಹತ್ತು ನಿಮಿಷದ ಷರತ್ತನ್ನು ತೆಗೆದುಹಾಕಿತು. ಚೂರುಪಾರೂ ಲೆಕ್ಕಕ್ಕೆ ಬರುತ್ತದೆ.

ಇದನ್ನೆಲ್ಲ ಓದಿದಂದಿನಿಂದ ಎರಡು ಸ್ಟಾಪು ಮುಂಚೆ ಇಳಿದು ನಡೆಯುತ್ತೇನೆ. ಆಫೀಸಿನಲ್ಲಿ ಲಿಫ್ಟಿನ ಸಾಲು ಕರಗುವಷ್ಟರಲ್ಲಿ ನಾನು ಮೂರನೆಯ ಮಹಡಿಯಲ್ಲಿರುತ್ತೇನೆ. ಮಗ ನನ್ನ ಫೋನಿಗೆ ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಟ್ಟು, "ದಿನಾ ಹತ್ತು ಸಾವಿರ ಆಗ್ಬೇಕಮ್ಮ" ಎಂದ. ಆ ಹತ್ತು ಸಾವಿರದ ಮೂಲ 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಆರಿಸಿದ ದುಂಡನೆಯ ಅಂಕಿ, ಡಾಕ್ಟರು ಹೇಳಿದ್ದಲ್ಲ. ನನ್ನ ಫೋನು ಬೆಳಗ್ಗೆಲ್ಲ ಅಡಿಗೆ ಕಟ್ಟೆಯ ಮೇಲೆ ಮಲಗಿರುತ್ತದೆ. ಸಂಪಿನಿಂದ ಟ್ಯಾಂಕಿಗೆ, ಒಲೆಯಿಂದ ಬಚ್ಚಲಿಗೆ ನಾನು ಹಾಕುವ ಹೆಜ್ಜೆ ಅದಕ್ಕೆ ಕಾಣುವುದಿಲ್ಲ. ಎಂಟು ಗಂಟೆಗೆ ಎತ್ತಿಕೊಂಡರೆ, "ಇನ್ನಾದರೂ ಏಳಿ, ನಡೆಯಿರಿ" ಎನ್ನುತ್ತದೆ. ಇದಕ್ಕೂ ಯಾರೋ ಸುದ್ದಿ ಮುಟ್ಟಿಸಿದ್ದಾರೆ.

ಬೆಳಗಿನ ನಡಿಗೆಯ ವ್ಯಾಜ್ಯ ಮಾತ್ರ ಹಾಗೇ ಉಳಿದಿತ್ತು. ತೀರ್ಪು ಕೊಟ್ಟವರು ಅತ್ತೆ. ಒಂದು ರಾತ್ರಿ ಊಟಕ್ಕೆ ಕೂತಾಗ ತಮ್ಮ ಮಗನ ಕಡೆ ನೋಡದೆಯೇ ಹೇಳಿದರು: "ನೀರು ಬರೋ ದಿನ ಅವಳು ಹೋಗ್ಲಿ. ಬಾರದ ದಿನ ನೀನು ಹೋಗು." ಮೇಲ್ಮನವಿಗೆ ಅವಕಾಶವಿರಲಿಲ್ಲ. ನೀರು ಬಾರದ ದಿನ ನಾನು ಹೋಗುತ್ತೇನೆ ಎಂದು ನಾನೇ ಕೇಳುವವಳಿದ್ದೆ; ಅವರು ನನಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಮಂಡಿ ನೋವಿನವರ ಹೆಜ್ಜೆಯನ್ನು ಕಡೆಗಣಿಸಬಾರದು.

ಮೊದಮೊದಲು ಲಾಲ್‌ಬಾಗಿನ ಕೆರೆಯ ಹತ್ತಿರ ಬರುವಷ್ಟರಲ್ಲಿ ಫೋನು ಬರುತ್ತಿತ್ತು. "ಸಾರಿನ ಪುಡಿ ಎಲ್ಲಿದೆ?" "ಹಸಿರು ಮುಚ್ಚಳದ್ದು, ರೀ. ಕೆಂಪು ಮುಚ್ಚಳ ಹುಳಿಪುಡಿ." "ಎರಡೂ ಒಂದೇ ಥರ ಇದೆಯಲ್ಲೇ." "ಮೂಸಿ ನೋಡಿ!" ಎಂದು ನಾನು ಕಿರುಚಿದಾಗ ಹಿಂದು ಹಿಂದಕ್ಕೆ ನಡೆಯುತ್ತಿದ್ದವರೊಬ್ಬರು ಬೆಚ್ಚಿ ಮುಂದಕ್ಕೆ ನಡೆದರು. ಈಗ ಯಜಮಾನರಿಗೆ ಡಬ್ಬಿಗಳ ಗುರುತು ಹತ್ತಿದೆ. ಟೈಮು ತಾನಾಗಿ ಹೊಂದಿಕೊಳ್ಳುತ್ತದೆ ಎಂಬ ಮಾತನ್ನು ಆಡುವುದು ನಿಲ್ಲಿಸಿದ್ದಾರೆ. ಟ್ಯಾಂಕು ಆಗಾಗ ಚೆಲ್ಲುತ್ತದೆ, ಪಕ್ಕದ ಮನೆಯವರು ಈಗ ಅವರ ಹೆಸರು ಹಿಡಿದು ಕೂಗುತ್ತಾರೆ. ನನ್ನ ಸಕ್ಕರೆ ಇಳಿದಿದೆ. ಅವರ ಹೊಟ್ಟೆಯೂ ಇಳಿದಿದೆ. ವಾಕಿಂಗಿನ ಜೊತೆಗೆ ದೋಸೆಯೂ ಅರ್ಧವಾಯಿತಲ್ಲ.

ದಿನವೂ ತಪ್ಪದೆ ಪಾರ್ಕು ಸುತ್ತುವ ಮಹನೀಯರಲ್ಲಿ ನನ್ನದೊಂದು ವಿನಂತಿ. ದಿನ ಬಿಟ್ಟು ದಿನ ನೀವು ಮನೆಯಲ್ಲಿದ್ದು ನಿಮ್ಮ ಮನೆಯಾಕೆಯನ್ನು ಕಳಿಸಿ. ಬಂಡೆ ಎಲ್ಲಿಗೂ ಹೋಗುವುದಿಲ್ಲ, ಸರ್ಕಾರವನ್ನು ಉಳಿದವರು ನೋಡಿಕೊಳ್ಳುತ್ತಾರೆ. ಕೆಲಸ ಕಷ್ಟವೇನಿಲ್ಲ. ಬೇಳೆಗೆ ಚಿಟಿಕೆ ಅರಿಶಿನ ಹಾಕಿ, ಕುಕ್ಕರು ಮೂರು ಕೂಗು ಕೂಗಿದ ಮೇಲೆ ಒಲೆ ಆರಿಸಿ. ಮೋಟರು ಆರಿಸುವುದನ್ನು ಮಾತ್ರ ಮರೆಯಬೇಡಿ.